ಗಂಗದೊರೆ ಬೂತುಗನೂ ಕಾಳಿಯ ಕಲ್ಲೂ

ಅರಸರ ಚರಿತ್ರೆಯನ್ನು ಓದುವಾಗ ನಮ್ಮ ಕಣ್ಣಿಗೆ ಮೊದಲು ಬೀಳುವುವು ಅವರು ಮಾಡಿದ ಯುದ್ಧಗಳು, ಧರಿಸಿದ ಬಿರುದುಗಳು, ಗೆದ್ದ ನಾಡುಗಳು. ತರಗತಿಗಳಲ್ಲಿ ನಾವು ಕಲಿತದ್ದೂ ಮಕ್ಕಳಿಗೆ ಕಲಿಸಿದ್ದೂ ಬಹುಮಟ್ಟಿಗೆ ಇವನ್ನೇ. ಆದರೆ ಕನ್ನಡನಾಡಿನ ಒಬ್ಬ ಅರಸನ ವಿಷಯದಲ್ಲಿ ಕಾಲಪುರುಷನು ಬೇರೊಂದು ತೀರ್ಪನ್ನೇ ಕೊಟ್ಟಿದ್ದಾನೆ. ತಲಕಾಡಿನ ಗಂಗವಂಶದ ಇಮ್ಮಡಿ ಬೂತುಗನು ಪಡೆದ ನಾಡುಗಳೆಲ್ಲ ಅವನ ವಂಶದವರ ಕೈಬಿಟ್ಟುಹೋದುವು. ಅವನ ಬಿರುದುಗಳನ್ನು ಇಂದು ವಿದ್ವಾಂಸರಲ್ಲದೆ ಬೇರಾರೂ ಉಚ್ಚರಿಸುವುದಿಲ್ಲ. ಆದರೆ ಅವನ ಕಾಲದ ಒಂದು ಬೇಟೆನಾಯಿಯ ಹೆಸರು ಸಾವಿರ ವರ್ಷಗಳು ಕಳೆದ ಮೇಲೆಯೂ ಕಲ್ಲಿನ ಮೇಲೆ ಅಳಿಯದೆ ನಿಂತಿದೆ. ಆ ನಾಯಿಯ ಹೆಸರು ಕಾಳಿ. ಕಾಳಗಗಳಿಂದಲೇ ತುಂಬಿದ ಬೂತುಗನ ಬಾಳನ್ನೂ ಆ ಬಾಳಿನ ನಡುವೆ ಒಂದು ಮೂಕಪ್ರಾಣಿಗೆ ಸಂದ ಗೌರವವನ್ನೂ ಒಟ್ಟಿಗೆ ನೆನೆಯುವುದು ಈ ಲೇಖನದ ಉದ್ದೇಶ.

ಗಂಗರ ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಕಾವೇರಿಯ ದಡದ ತಲಕಾಡಿಗೆ ಹೋಗುವುದು ಸಹಜ. ಆದರೆ ಬೆಂಗಳೂರಿನ ಉತ್ತರ ಭಾಗದಲ್ಲಿ ವಾಸಿಸುವ ನಮಗೆ ಗಂಗರು ದೂರದವರೇನಲ್ಲ. ಯಶವಂತಪುರದಿಂದ ನೆಲಮಂಗಲದ ದಾರಿಯಲ್ಲಿ ಮುಂದೆ ಸಾಗಿದರೆ ಸಿಕ್ಕುವ ಮಣ್ಣೆ ಎಂಬ ಗ್ರಾಮವೇ ಗಂಗರ ಮಾನ್ಯಪುರ. ಎಂಟನೆಯ ಶತಮಾನದಲ್ಲಿ ಶ್ರೀಪುರುಷನು ಅಲ್ಲಿಂದ ರಾಜ್ಯವಾಳಿದನು. ಅದೇ ಶ್ರೀಪುರುಷನ ಕಾಲಕ್ಕೆ, ಎಂದರೆ ಸುಮಾರು ಕ್ರಿ.ಶ. ೭೫೦ಕ್ಕೆ ಸೇರಿದ ಒಂದು ವೀರಗಲ್ಲು ೨೦೧೮ರಲ್ಲಿ ನಮ್ಮ ಹೆಬ್ಬಾಳದಲ್ಲಿಯೇ ಬೆಳಕಿಗೆ ಬಂದಿತು. ಪೆರ್ಬೊಳಲನಾಡನ್ನು ಕಾಯಲು ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ನಾವು ದಿನನಿತ್ಯ ಓಡಾಡುವ ಹೆಬ್ಬಾಳದ ಹೆಸರಿನ ಹಳೆಯ ರೂಪವನ್ನು ಆ ಕಲ್ಲು ನಮಗೆ ಕಾಪಿಟ್ಟುಕೊಟ್ಟಿದೆ. ಉಪಕಾರ ಮಾಡಿದವರನ್ನು ಕಲ್ಲಿನಲ್ಲಿ ನೆನೆಯುವ ಪದ್ಧತಿ ಈ ನೆಲಕ್ಕೆ ಎಷ್ಟು ಹಳೆಯದೆಂಬುದನ್ನು ಇದರಿಂದ ತಿಳಿಯಬಹುದು.

ಗಂಗರಿಗೂ ಪ್ರಾಣಿಗಳಿಗೂ ಇದ್ದ ನಂಟು ಕೂಡ ಹಳೆಯದೇ. ಅವರ ರಾಜಮುದ್ರೆಯ ಮೇಲೆ ಮೆರೆದದ್ದು ಆನೆ. ಶ್ರೀಪುರುಷನು ಗಜಶಾಸ್ತ್ರವನ್ನು ರಚಿಸಿದನೆಂದು ಪ್ರಸಿದ್ಧಿಯಿದೆ. ಅವನ ಮಗ ಶಿವಮಾರನು ಕನ್ನಡದಲ್ಲಿ ಗಜಾಷ್ಟಕವೆಂಬ ಕೃತಿಯನ್ನು ರಚಿಸಿದನೆಂದೂ ಅದನ್ನು ಹೆಂಗಸರು ಒನಕೆವಾಡಾಗಿ ಹಾಡಿಕೊಳ್ಳುತ್ತಿದ್ದರೆಂದೂ ಹೇಳಿಕೆಯುಂಟು. ಕಾಡಾನೆಗಳ ಹಿಂಡು ಸಂಚರಿಸುತ್ತಿದ್ದ ಮಲೆಗಳ ಅಂಚಿನಲ್ಲಿ ಬೆಳೆದ ರಾಜ್ಯವದು. ಪ್ರಾಣಿಯ ಬಲವನ್ನು ದುಡಿಸಿಕೊಳ್ಳುವುದರ ಜೊತೆಗೆ ಅದರ ಸ್ವಭಾವವನ್ನು ಅರಿತು, ನೋವು ನಲಿವುಗಳನ್ನು ತಿಳಿದು ಸಲಹುವುದನ್ನೂ ಆ ಅರಸುಮನೆತನ ಒಂದು ವಿದ್ಯೆಯೆಂದೇ ಪರಿಗಣಿಸಿತ್ತು. ಇಂತಹ ಮನೆತನದಲ್ಲಿ ಹುಟ್ಟಿದವನು ಬೂತುಗ.

ಬೂತುಗನ ತಂದೆ ಎರೆಯಪ್ಪ. ಈ ಎರೆಯಪ್ಪನ ಹೆಸರನ್ನು ಬೆಂಗಳೂರಿನವರು ಮರೆಯುವಂತಿಲ್ಲ. ನಮ್ಮ ನಗರದ ದಕ್ಷಿಣದಲ್ಲಿರುವ ಬೇಗೂರಿನ ಪ್ರಸಿದ್ಧ ವೀರಗಲ್ಲು ಅವನ ಕಾಲದ್ದು. ಅವನ ಅಪ್ಪಣೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರನು ತುಂಬೆಪಾಡಿಯ ಕಾಳಗದಲ್ಲಿ ಆನೆಗಳೊಡನೆ ಹೋರಾಡಿ ಮಡಿದನು. ಆನೆ, ಕುದುರೆ, ಕಾಲಾಳುಗಳು ಒಂದರೊಡನೊಂದು ಹೆಣೆದುಕೊಂಡಿರುವ ಆ ಶಿಲ್ಪದಲ್ಲಿ ಯುದ್ಧದ ಭೀಕರತೆ ಕಣ್ಣಿಗೆ ಕಟ್ಟುತ್ತದೆ. ಮಡಿದ ಸೇವಕನ ಪದವಿಯನ್ನೂ ಬೆಂಪೂರು ಮೊದಲಾದ ಹಳ್ಳಿಗಳನ್ನೂ ಎರೆಯಪ್ಪನು ಇರುಗನೆಂಬವನಿಗೆ ಕೊಟ್ಟನೆಂದು ಕಲ್ಲು ತಿಳಿಸುತ್ತದೆ. ಸೇವೆ ಮಾಡಿದವನ ಋಣವನ್ನು ಒಡೆಯನು ತೀರಿಸಬೇಕೆಂಬ ಧರ್ಮವನ್ನು ಬೂತುಗನು ಬಾಲ್ಯದಿಂದಲೇ ತನ್ನ ಮನೆಯಲ್ಲಿ ಕಂಡವನು.

ಆದರೆ ಆ ಮನೆಯಲ್ಲಿ ಶಾಂತಿಯಿರಲಿಲ್ಲ. ತಂದೆಯ ಅನಂತರ ಗಂಗವಾಡಿಯ ಸಿಂಹಾಸನವು ಅಣ್ಣಂದಿರ ಕೈಗೆ ಬಂದಿತು. ಗಂಗವಾಡಿ ತೊಂಬತ್ತಾರು ಸಾಸಿರವೆಂದು ಹೆಸರಾದ ಆ ರಾಜ್ಯವನ್ನು ಕೊನೆಗೆ ಬೂತುಗನು ಪಡೆದದ್ದು ಅಣ್ಣನಾದ ರಾಚಮಲ್ಲನೊಡನೆ ಕಾದಿ, ಅವನನ್ನು ಕೊಂದು. ಇದು ಸುಮಾರು ಕ್ರಿ.ಶ. ೯೩೭-೩೮ರ ಮಾತು. ಚರಿತ್ರಕಾರರು ಊಹಿಸಿ ಹೇಳಿದ ಸಂಗತಿಯಲ್ಲ ಇದು. ಬೂತುಗನ ಆಳ್ವಿಕೆಯಲ್ಲಿಯೇ, ಅವನ ಕಡೆಯವರೇ ಕೆತ್ತಿಸಿದ ಕಲ್ಲಿನಲ್ಲಿ ಇದು ಯಾವ ಸಂಕೋಚವೂ ಇಲ್ಲದೆ ನಮೂದಾಗಿದೆ. ಅಣ್ಣನ ರಕ್ತದಿಂದ ತೊಯ್ದ ಸಿಂಹಾಸನವೇರಿದವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಕಲ್ಲು ಹೇಳುವುದಿಲ್ಲ. ಆ ಕಾಲದ ರಾಜನೀತಿಯ ಕ್ರೌರ್ಯವನ್ನು ಮುಚ್ಚಿಟ್ಟು ಬೂತುಗನನ್ನು ಸಾಧುವೆಂದು ಬಣ್ಣಿಸುವುದು ನಮಗೆ ತಕ್ಕುದಲ್ಲ.

ಅದೇ ಮನೆಯಲ್ಲಿ ಬೇರೊಂದು ಜೀವವೂ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. ಬೂತುಗನ ಅಕ್ಕ ಪಾಂಬಬ್ಬೆ ಅರಮನೆಯ ಭೋಗವನ್ನು ತೊರೆದು, ಕೇಶಲೋಚನ ಮಾಡಿಸಿಕೊಂಡು, ಮೂವತ್ತು ವರ್ಷಗಳ ಕಾಲ ತಪಶ್ಚರ್ಯೆಯಲ್ಲಿದ್ದು ಕ್ರಿ.ಶ. ೯೭೧ರಲ್ಲಿ ಕಾಲವಾದಳೆಂದು ಕಡೂರಿನ ಶಾಸನವು ತಿಳಿಸುತ್ತದೆ. ಒಂದೇ ಒಡಲಿನಿಂದ ಬೆಳೆದ ಕುಡಿಗಳಲ್ಲಿ ಒಂದು ಕತ್ತಿ ಹಿಡಿಯಿತು, ಮತ್ತೊಂದು ಸಣ್ಣ ಜೀವಕ್ಕೂ ನೋವಾಗದಂತೆ ಹೆಜ್ಜೆಯಿಡುವ ಜೈನ ತಪಸ್ವಿನಿಯರ ದಾರಿ ಹಿಡಿಯಿತು. ಬೂತುಗನು ಸ್ವತಃ ಜೈನಧರ್ಮದಲ್ಲಿ ಶ್ರದ್ಧೆಯುಳ್ಳವನಾಗಿದ್ದನು. ಹಿಂಸೆಯನ್ನು ವೃತ್ತಿಯಾಗಿಯೂ ಅಹಿಂಸೆಯನ್ನು ನಂಬಿಕೆಯಾಗಿಯೂ ಹೊತ್ತು ಬಾಳಬೇಕಾದ ಇಕ್ಕಟ್ಟು ಆ ಕಾಲದ ಅನೇಕ ವೀರರ ಪಾಲಿಗೆ ಬಂದಿದ್ದಿತು.

ಬೂತುಗನ ಏಳಿಗೆಗೆ ರಾಷ್ಟ್ರಕೂಟರ ನಂಟು ಮುಖ್ಯ ಕಾರಣ. ರಾಷ್ಟ್ರಕೂಟ ಮುಮ್ಮಡಿ ಅಮೋಘವರ್ಷನ ಮಗಳಾದ ರೇವಕನಿಮ್ಮಡಿಯನ್ನು ಅವನು ಮದುವೆಯಾದನು. ಆಕೆಯ ತಮ್ಮನೇ ಮುಮ್ಮಡಿ ಕೃಷ್ಣ. ಶಾಸನಗಳು ಅವನನ್ನು ಕನ್ನರದೇವನೆಂದು ಕರೆಯುತ್ತವೆ. ಕ್ರಿ.ಶ. ೯೩೯ರಲ್ಲಿ ಕೃಷ್ಣನು ಪಟ್ಟವೇರಿದಾಗ ಬೂತುಗನು ಅವನಿಗೆ ಬಲಗೈಯಾಗಿ ನಿಂತನು. ಭಾವಮೈದುನರ ಈ ಒಗ್ಗಟ್ಟು ದಕ್ಷಿಣಾಪಥದ ಚರಿತ್ರೆಯ ದಿಕ್ಕನ್ನೇ ಬದಲಿಸಿತು. ಕನ್ನಡ ಸಾಹಿತ್ಯಕ್ಕೂ ಅದು ಪರ್ವಕಾಲ. ೯೪೧ರಲ್ಲಿ ಪಂಪನು ತನ್ನ ಕಾವ್ಯಗಳನ್ನು ರಚಿಸಿದನು. ಪೊನ್ನನಿಗೆ ಕೃಷ್ಣನ ಆಶ್ರಯ ದೊರೆಯಿತು. ಅನ್ನವಿಕ್ಕಿದ ಒಡೆಯನಿಗಾಗಿ ಪ್ರಾಣವನ್ನೇ ಒತ್ತೆಯಿಟ್ಟ ಕರ್ಣನನ್ನು ಪಂಪನು ಕನ್ನಡಿಗರ ಕಣ್ಣೆದುರು ನಿಲ್ಲಿಸಿದ ದಶಕದಲ್ಲಿಯೇ ನಮ್ಮ ಕಥೆಯ ಘಟನೆಗಳೂ ನಡೆದುವು.

ಆಗ ತಮಿಳುನಾಡಿನಲ್ಲಿ ಚೋಳರ ಮೊದಲನೆಯ ಪರಾಂತಕನು ಪ್ರಬಲನಾಗಿದ್ದನು. ಉತ್ತರದಿಂದ ಬರಬಹುದಾದ ದಾಳಿಯನ್ನು ತಡೆಯಲು ಅವನ ಹಿರಿಯ ಮಗ ರಾಜಾದಿತ್ಯನು ಸೇನೆಯೊಡನೆ ನೆಲೆಸಿದ್ದನು. ಇವನನ್ನೇ ಕನ್ನಡದ ಶಾಸನವು ಮೂವಡಿ ಚೋಳನೆಂದು ಹೆಸರಿಸುತ್ತದೆ. ಕ್ರಿ.ಶ. ೯೪೯ರಲ್ಲಿ, ಇಂದಿನ ಅರಕ್ಕೋಣಂ ಪಟ್ಟಣಕ್ಕೆ ಸಮೀಪದ ತಕ್ಕೋಲದಲ್ಲಿ ಎರಡು ಸೈನ್ಯಗಳೂ ಸಂಧಿಸಿದುವು. ಆ ಯುದ್ಧದಲ್ಲಿ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನು. ಆನೆಯ ಮೇಲೆ ಮಡಿದ ದೊರೆಯೆಂದೇ ತಮಿಳರು ಅವನನ್ನು ಮುಂದೆ ಗೌರವದಿಂದ ಸ್ಮರಿಸಿದರು. ಅವನ ಎದೆಗೆ ನಾಟಿದ ಬಾಣಗಳು ಕೃಷ್ಣನವೆಂದು ಚೋಳರ ತಾಮ್ರಶಾಸನ ಹೇಳಿದರೆ, ಕೊಂದವನು ಬೂತುಗನೆಂದು ಕನ್ನಡದ ಶಾಸನ ಹೇಳುತ್ತದೆ. ಹೇಗಿದ್ದರೂ ಆ ದಿನ ಚೋಳರಿಗೆ ಬಿದ್ದ ಪೆಟ್ಟು ಸಾಮಾನ್ಯವಾದದ್ದಲ್ಲ. ಅವರು ಮತ್ತೆ ತಲೆಯೆತ್ತಲು ದಶಕಗಳೇ ಹಿಡಿದುವು.

ಗೆಲವಿನ ಮರುದಿನಗಳು ಉಡುಗೊರೆಯ ದಿನಗಳು. ಸಂತುಷ್ಟನಾದ ಕೃಷ್ಣನು ಬೂತುಗನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಇವುಗಳನ್ನು ಕೊಟ್ಟನು. ಇಂದಿನ ಲೆಕ್ಕದಲ್ಲಿ ಬನವಾಸಿಯಿಂದ ಗದಗು, ಲಕ್ಷ್ಮೇಶ್ವರ, ಪಟ್ಟದಕಲ್ಲು, ಬಾಗಲಕೋಟೆಗಳ ಸುತ್ತುಮುತ್ತಿನವರೆಗೆ ಹರಡಿದ ಸೀಮೆ ಇದು. ಬೂತುಗನ ಎದುರಿನಲ್ಲಿಯೇ ನಿಂತು ಇರಿದು ಹೋರಾಡಿದವರಲ್ಲಿ ಮಣಲೇರನೆಂಬ ವೀರನೊಬ್ಬನಿದ್ದನು. ಸಗರವಂಶದವನೆಂದೂ ವಲಭೀಪುರದ ಒಡೆಯರ ಪೀಳಿಗೆಯವನೆಂದೂ ಅವನನ್ನು ಶಾಸನ ಕೊಂಡಾಡುತ್ತದೆ. ಬೂತುಗನ ಅಂಕಕಾರ, ಎಂದರೆ ಒಡೆಯನ ಪರವಾಗಿ ಮುಂದೆ ನಿಂತು ಕಾದುವ ಆಳು ಎಂಬುದು ಅವನ ಹೆಗ್ಗಳಿಕೆ. ಅವನಿಗೆ ಬೂತುಗನು ಆತಕೂರು ೧೨ನ್ನೂ ಬೆಳ್ವೊಲದ ಒಂದು ಗ್ರಾಮವನ್ನೂ ಬಾಳ್ಗಚ್ಚಾಗಿ ಕೊಟ್ಟನು. ಬಾಳ್ ಎಂದರೆ ಕತ್ತಿ. ವೀರನ ಕತ್ತಿಯನ್ನು ತೊಳೆದು ಸಲ್ಲಿಸುವ ದತ್ತಿಯೇ ಬಾಳ್ಗಚ್ಚು. ಕತ್ತಿಗಂಟಿದ ನೆತ್ತರನ್ನು ಒಡೆಯನ ಕೃತಜ್ಞತೆ ತೊಳೆಯಬೇಕೆಂಬ ಭಾವ ಈ ಪದ್ಧತಿಯ ಹಿಂದೆ ಇದ್ದಂತೆ ತೋರುತ್ತದೆ.

ಊರುಗಳೂ ಗ್ರಾಮಗಳೂ ಹೀಗೆ ಹಂಚಿಕೆಯಾಗುತ್ತಿದ್ದ ಸಂದರ್ಭದಲ್ಲಿ ನಡೆದ ಒಂದು ಚಿಕ್ಕ ಸಂಗತಿಯೇ ನಮ್ಮ ಕಥೆಯ ತಿರುಳು. ಮಣಲೇರನ ಕೆಚ್ಚನ್ನು ರಣರಂಗದಲ್ಲಿ ಕಂಡು ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳೆಂದು ಅವನಿಗೆ ಹೇಳಿದನು. ಈ ಒಡೆಯನು ಬೂತುಗನೆಂದು ನಮ್ಮಲ್ಲಿ ರೂಢಿಯಾಗಿ ತಿಳಿಯಲಾಗಿದೆ. ಶಾಸನದ ವಾಕ್ಯರಚನೆಯಲ್ಲಿ ಕೃಷ್ಣನೆಂದು ತಿಳಿಯುವುದಕ್ಕೂ ಎಡೆಯುಂಟು. ಅರಸನ ಬಾಯಿಂದ ಅಂತಹ ಮಾತು ಬಂದಾಗ ಯಾರಾದರೂ ಹೊನ್ನನ್ನು ಬೇಡಿಯಾರು, ಮಣ್ಣನ್ನು ಬೇಡಿಯಾರು, ಪದವಿಯನ್ನು ಬೇಡಿಯಾರು. ಮಣಲೇರನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿಯನ್ನು ತನಗೆ ದಯಪಾಲಿಸಬೇಕೆಂದು ಕೇಳಿ ಅವನು ಅದನ್ನು ಪಡೆದನು.

ಈ ಬೇಡಿಕೆಯನ್ನು ಕುರಿತು ಒಂದು ಕ್ಷಣ ಯೋಚಿಸಬೇಕು. ಸಾವಿನ ಬಾಯಿಂದ ತಪ್ಪಿಸಿಕೊಂಡು ಬಂದವನು, ಸುತ್ತಲೂ ಸತ್ತವರನ್ನು ನೋಡಿದವನು, ನಾಯಿಯೊಂದರ ಒಡನಾಟವನ್ನು ಬಯಸಿದನು. ಮನುಷ್ಯರ ಲೋಕದಲ್ಲಿ ಇಂದಿನ ನಂಟ ನಾಳೆ ವೈರಿಯಾಗಬಹುದು. ತನ್ನ ಒಡೆಯನ ಮನೆಯಲ್ಲಿಯೇ ತಮ್ಮನ ಕೈಯಿಂದ ಅಣ್ಣನು ಮಡಿದುದನ್ನು ಮಣಲೇರನು ಬಲ್ಲವನು. ನಾಯಿಗೆ ಆ ಬಗೆಯ ಲೆಕ್ಕಾಚಾರ ತಿಳಿಯದು. ತುತ್ತು ಹಾಕಿದ ಕೈಯನ್ನು ಅದು ಮರೆಯುವುದಿಲ್ಲ. ಒಡೆಯನು ಸಿರಿವಂತನೋ ಬಡವನೋ ಎಂದು ಅದು ಕೇಳುವುದಿಲ್ಲ. ಮಣಲೇರನು ಕಾಳಿಯಲ್ಲಿ ಕಂಡದ್ದು ಕೇವಲ ಬೇಟೆಯ ಚಾತುರ್ಯವೇ ಆಗಿದ್ದೀತು. ಆದರೆ ಮುಂದೆ ನಡೆದುದನ್ನು ನೋಡಿದರೆ ಅದಕ್ಕಿಂತ ಆಳವಾದ ಒಲವು ಅಲ್ಲಿತ್ತೆಂದು ಒಪ್ಪಬೇಕಾಗುತ್ತದೆ.

ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನಲ್ಲಿ ಒಂದು ಮೊರಡಿ, ಎಂದರೆ ಕಲ್ಲುಗುಡ್ಡವಿತ್ತು. ಅಲ್ಲಿ ಒಂದು ದೊಡ್ಡ ಕಾಡುಹಂದಿ ಕಾಣಿಸಿಕೊಂಡಾಗ ಕಾಳಿಯನ್ನು ಅದರ ಮೇಲೆ ಬಿಡಲಾಯಿತು. ಕಾಡುಹಂದಿಯ ಸ್ವಭಾವವನ್ನು ಬಲ್ಲ ರೈತರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ. ಬೆನ್ನಟ್ಟಿದರೆ ಮೊದಲು ಓಡುತ್ತದೆ. ದಾರಿ ಕಟ್ಟಿತೆಂದರೆ ತಿರುಗಿ ನಿಲ್ಲುತ್ತದೆ. ಅದರ ಕೆಳದವಡೆಯ ಕೋರೆಗಳು ಮೇಲಿನ ಕೋರೆಗಳಿಗೆ ಉಜ್ಜಿ ಉಜ್ಜಿ ಸದಾ ಹರಿತವಾಗಿರುತ್ತವೆ. ತಲೆಯನ್ನು ತಗ್ಗಿಸಿ ಮೇಲಕ್ಕೆ ಹಾಯ್ದರೆ ನಾಯಿಯ ಹೊಟ್ಟೆ ಸೀಳಿಹೋಗುತ್ತದೆ. ಅಂತಹ ಮೃಗಕ್ಕೆ ಎದುರಾಗಿ ಕಾಳಿ ಹಿಂಜರಿಯಲಿಲ್ಲ. ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೇ ಮಡಿದುವೆಂದು ಶಾಸನವು ಅತ್ಯಂತ ಸರಳವಾಗಿ ಹೇಳಿ ಮುಗಿಸುತ್ತದೆ. ಆ ಸರಳತೆಯಲ್ಲಿ ಒಂದು ಮೌನವಾದ ಶೋಕವಿದೆ.

ನಾಯಿ ಸತ್ತಿತೆಂದು ನಿಟ್ಟುಸಿರುಬಿಟ್ಟು ಮರೆಯಬಹುದಾಗಿತ್ತು. ಹಾಗಾಗಲಿಲ್ಲ. ಇಂದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿರುವ ಆತಕೂರಿನಲ್ಲಿ, ಚಲ್ಲೇಶ್ವರನೆಂಬ ಶಿವನ ಗುಡಿಯ ಮುಂದೆ, ಕಾಳಿಯ ನೆನಪಿಗಾಗಿ ಒಂದು ಕಲ್ಲನ್ನು ನಿಲ್ಲಿಸಲಾಯಿತು. ಕಲ್ಲಿನ ಮೇಲ್ಭಾಗದಲ್ಲಿ ಒಂದನ್ನೊಂದು ಎದುರಿಸಿ ಹೋರಾಡುತ್ತಿರುವ ನಾಯಿ ಮತ್ತು ಹಂದಿಯ ಶಿಲ್ಪವಿದೆ. ಸುತ್ತಲೂ ಹಳಗನ್ನಡದ ಬರಹವಿದೆ. ಶಕವರ್ಷ ೮೭೨, ಸೌಮ್ಯ ಸಂವತ್ಸರ ಎಂಬ ಕಾಲನಿರ್ದೇಶದಿಂದ ಇದು ಕ್ರಿ.ಶ. ೯೪೯-೫೦ರದೆಂದು ತಿಳಿಯುತ್ತದೆ. ಕಲ್ಲಿನ ಪೂಜೆ ನಡೆದುಕೊಂಡು ಹೋಗಲೆಂದು ಊರ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ದತ್ತಿಯಾಗಿ ಬಿಡಲಾಯಿತು. ಬಿತ್ತುವ ಬೀಜದ ಪ್ರಮಾಣದಿಂದ ಭೂಮಿಯನ್ನು ಅಳೆಯುತ್ತಿದ್ದ ಕಾಲವದು. ಕೆರೆಯ ಕೆಳಗಿನ ನೆಲವೆಂದರೆ ನೀರಿನ ಆಸರೆಯುಳ್ಳ ನೆಲ. ಮಳೆಯನ್ನೇ ನೆಚ್ಚಿದ ಬರಡು ಭೂಮಿಯನ್ನು ಕೊಟ್ಟು ಕೈತೊಳೆದುಕೊಂಡ ದಾನವಲ್ಲ ಇದು.

ದತ್ತಿಗೆ ಸೇರಿಸಿದ ಕಟ್ಟಳೆ ಇನ್ನೂ ಗಮನಾರ್ಹವಾದುದು. ಗುಡಿಯ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಎಂದರೆ ಶೈವ ಅರ್ಚಕನು, ಕಾಳಿಯ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಆ ನಾಯಿ ಮಾಡಿದ ಪಾಪಕ್ಕೆ ಭಾಗಿಯಾಗುತ್ತಾನೆ. ನಾಡನ್ನು ಆಳುವವನೇ ಆಗಲಿ, ಊರನ್ನು ಆಳುವವನೇ ಆಗಲಿ, ಆ ಮಣ್ಣನ್ನು ಅಪಹರಿಸಿದರೆ ಅವನಿಗೂ ಅದೇ ಪಾಪ. ಸಾಮಾನ್ಯವಾಗಿ ನಮ್ಮ ಶಾಸನಗಳು ಇಂತಹ ಕಡೆ ವಾರಣಾಸಿಯಲ್ಲಿ ಗೋವನ್ನೋ ಬ್ರಾಹ್ಮಣನನ್ನೋ ಕೊಂದ ಪಾಪವನ್ನು ಹೇಳುತ್ತವೆ. ಇಲ್ಲಿ ಹೇಳಿರುವುದು ನಾಯಿಯ ಪಾಪ. ಕೊಲ್ಲುವುದು ಕಾಳಿಯ ಧರ್ಮವಾಗಿದ್ದರೂ ಕೊಲೆಯಲ್ಲಿ ಪಾಪವಿದ್ದೇ ಇದೆಯೆಂದು ಆ ಜನ ಮರೆಯಲಿಲ್ಲ. ಮಡಿದ ಹಂದಿಯನ್ನೂ ಅವರು ಕಲ್ಲಿನಿಂದ ಹೊರಗಿಡಲಿಲ್ಲ. ಗೆದ್ದವರು ಸೋತವರೆಂಬ ಭೇದವಿಲ್ಲದೆ ಎರಡು ಜೀವಗಳೂ ಒಂದೇ ಶಿಲೆಯಲ್ಲಿ ಇಂದಿಗೂ ಜೊತೆಯಾಗಿವೆ.

ಈ ಕಲ್ಲನ್ನು ಓದುವಾಗ ನನ್ನ ಮನಸ್ಸನ್ನು ಬಹುವಾಗಿ ಕಾಡುವುದು ಒಂದು ವಿಚಾರ. ಕಾಳಿ ತಾನಾಗಿಯೇ ಆ ಹಂದಿಯನ್ನು ಅರಸಿಕೊಂಡು ಹೋಗಲಿಲ್ಲ. ಮನುಷ್ಯನು ಅದನ್ನು ಬಿಟ್ಟನು, ಅದು ಹೋಯಿತು. ಮಣಲೇರನಿಗೆ ಯುದ್ಧಕ್ಕೆ ಹೋಗುವಾಗ ಗೆದ್ದರೆ ಊರು, ಮಡಿದರೆ ವೀರಸ್ವರ್ಗವೆಂಬ ಭರವಸೆಯಿತ್ತು. ನಾಯಿಗೆ ಅಂತಹ ಯಾವ ಭರವಸೆಯೂ ಇರಲಿಲ್ಲ. ಬೇಡಿಕೊಳ್ಳೆಂದು ಅದಕ್ಕೆ ಹೇಳಿದವರಿಲ್ಲ. ಹೇಳಿದ್ದರೂ ಬೇಡಲು ಅದಕ್ಕೆ ಬಾಯಿಲ್ಲ. ಹೀಗೆ ಕೇಳಲಾರದ ಜೀವಿಗೆ ಸಲ್ಲಬೇಕಾದುದನ್ನು ತಾವಾಗಿಯೇ ಅರಿತು ಸಲ್ಲಿಸಿದರಲ್ಲ, ಅದರಲ್ಲಿ ಆ ಜನರ ದೊಡ್ಡತನವಿದೆ. ಕೇಳಿದವನಿಗೆ ಕೊಡುವುದು ದಾನ. ಕೇಳಲಾರದವರ ಋಣವನ್ನು ನೆನೆದು ತೀರಿಸುವುದೇ ನಿಜವಾದ ದಯೆ.

ಕಾಳಿಯ ಕಲ್ಲಿನ ಇನ್ನೊಂದು ವಿಶೇಷವನ್ನು ಇಲ್ಲಿ ಹೇಳಬೇಕು. ತಕ್ಕೋಲದ ಯುದ್ಧ, ರಾಜಾದಿತ್ಯನ ಮರಣ, ಬೂತುಗನು ಪಡೆದ ನಾಡುಗಳು, ಅಣ್ಣ ರಾಚಮಲ್ಲನ ಕೊಲೆ ಇವೆಲ್ಲವೂ ನಮಗೆ ತಿಳಿದಿರುವುದು ಬಹುಮಟ್ಟಿಗೆ ಈ ಕಲ್ಲಿನ ಬರಹದಿಂದಲೇ. ದಕ್ಷಿಣ ಭಾರತದ ಚರಿತ್ರೆಯನ್ನು ಬರೆಯುವ ಯಾವ ವಿದ್ವಾಂಸನೂ ಆತಕೂರಿನ ಶಾಸನವನ್ನು ಬಿಟ್ಟು ಮುಂದೆ ಹೋಗಲಾರನು. ನಾಯಿಯೊಂದರ ನೆನಪಿಗೆ ಕಲ್ಲು ನಿಲ್ಲಿಸದಿದ್ದರೆ ಅರಸನ ಗೆಲವಿನ ಈ ವಿವರಗಳು ನಮ್ಮವರೆಗೆ ಬರುತ್ತಿದ್ದುವೋ ಇಲ್ಲವೋ! ತಾನು ಬದುಕಿದ್ದಾಗ ಒಡೆಯನನ್ನು ಹಿಂಬಾಲಿಸಿದ ಪ್ರಾಣಿಯು ಸತ್ತ ಮೇಲೆ ಒಡೆಯರ ಕೀರ್ತಿಯನ್ನೇ ತನ್ನ ಬೆನ್ನಮೇಲೆ ಹೊತ್ತು ಸಾವಿರ ವರ್ಷಗಳ ದಾರಿಯನ್ನು ನಡೆದು ಬಂದಿದೆ.

ಬೂತುಗನು ಸುಮಾರು ಕ್ರಿ.ಶ. ೯೬೧ರವರೆಗೆ ಆಳಿದನು. ಗಂಗಗಾಂಗೇಯ, ಗಂಗನಾರಾಯಣ, ನನ್ನಿಯಗಂಗ ಮೊದಲಾದ ಬಿರುದುಗಳು ಅವನಿಗಿದ್ದುವು. ನನ್ನಿ ಎಂದರೆ ಸತ್ಯ. ಅವನ ಅನಂತರ ಮೊದಲು ಮರುಳದೇವನೂ ಆಮೇಲೆ ಮಾರಸಿಂಹನೂ ಪಟ್ಟವೇರಿದರು. ಅನೇಕ ಯುದ್ಧಗಳನ್ನು ಗೆದ್ದ ಮಾರಸಿಂಹನು ಕೊನೆಗೆ ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಮುನಿಗಳ ಸನ್ನಿಧಿಯಲ್ಲಿ ಸಲ್ಲೇಖನವ್ರತವನ್ನು ಕೈಕೊಂಡು ೯೭೪ರಲ್ಲಿ ದೇಹಬಿಟ್ಟನು. ಅವನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನೇ ಮುಂದೆ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದವನು. ಅಣ್ಣನನ್ನು ಗೆದ್ದ ಮರುಗಳಿಗೆಯಲ್ಲಿ ಗೆಲವನ್ನೇ ಬಿಟ್ಟುಕೊಟ್ಟ ತಮ್ಮನ ಮೂರ್ತಿಯನ್ನು ಬೂತುಗನ ಮಕ್ಕಳ ಕಾಲದ ಮಂತ್ರಿಯು ಬೆಟ್ಟದ ನೆತ್ತಿಯ ಮೇಲೆ ಕಡೆಸಿದ್ದು ಚರಿತ್ರೆಯ ಒಂದು ಸೋಜಿಗ.

ರಾಜ್ಯವೈಭವ ಬಹುಕಾಲ ಉಳಿಯಲಿಲ್ಲ. ೯೭೩ರಲ್ಲಿ ರಾಷ್ಟ್ರಕೂಟರ ಸಾಮ್ರಾಜ್ಯ ಕುಸಿಯಿತು. ತಕ್ಕೋಲದಲ್ಲಿ ಸೋತ ಚೋಳರು ರಾಜರಾಜನ ಕಾಲದಲ್ಲಿ ಮತ್ತೆ ಮೇಲೆದ್ದರು. ೧೦೦೪ರ ಹೊತ್ತಿಗೆ ತಲಕಾಡೂ ಅವರ ವಶವಾಯಿತು. ಬೂತುಗನ ಗೆಲವಿನ ಫಲವು ಹೀಗೆ ಐವತ್ತೈದು ವರ್ಷಗಳಲ್ಲಿ ಕರಗಿಹೋಯಿತು. ಆತಕೂರಿನ ಕಲ್ಲು ಮಾತ್ರ ಮಳೆ ಬಿಸಿಲುಗಳಿಗೆ ಮೈಯೊಡ್ಡಿ ಅಲ್ಲಿಯೇ ನಿಂತಿತ್ತು. ಬೆಂಗಳೂರಿನಲ್ಲಿಯೇ ಹುಟ್ಟಿ, ಕನ್ನಡನಾಡಿನ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದ ಬಿ. ಎಲ್. ರೈಸ್ ಅವರು ಇದರ ಪಾಠವನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ಅಚ್ಚುಮಾಡಿಸಿದರು. ವಿದ್ವಾಂಸ ಫ್ಲೀಟ್ ಅವರೂ ಇದನ್ನು ವಿಸ್ತಾರವಾಗಿ ಪರಿಶೀಲಿಸಿದರು. ಆಮೇಲೆ ಕಲ್ಲು ಬೆಂಗಳೂರಿಗೆ ಬಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ತಂದೆ ಎರೆಯಪ್ಪನ ಕಾಲದ ಬೇಗೂರಿನ ವೀರಗಲ್ಲೂ ಅದೇ ಸಂಗ್ರಹಕ್ಕೆ ಸೇರಿದೆ. ತಂದೆಯ ಕಾಲದ ಸ್ವಾಮಿಭಕ್ತ 'ಆಳಿ'ಗೂ ಮಗನ ಕಾಲದ ಸ್ವಾಮಿಭಕ್ತ ನಾಯಿಗೂ ಒಂದೇ ಸೂರಿನ ಕೆಳಗೆ ನೆಲೆ ದೊರೆತಿದೆ.

ನಾಯಿಯ ನಿಷ್ಠೆಗೆ ಮನುಷ್ಯರು ಸಲ್ಲಿಸಿದ ಸ್ಮಾರಕಗಳು ಲೋಕದಲ್ಲಿ ಬೇರೆಡೆಯೂ ಉಂಟು. ಜಪಾನಿನ ಟೋಕಿಯೋ ನಗರದಲ್ಲಿ ಹಚಿಕೋ ಎಂಬ ನಾಯಿ ೧೯೨೫ರಲ್ಲಿ ತೀರಿಕೊಂಡ ತನ್ನ ಯಜಮಾನರಿಗಾಗಿ ಶಿಬುಯಾ ರೈಲುನಿಲ್ದಾಣದಲ್ಲಿ ೧೯೩೫ರವರೆಗೆ, ತಾನು ಸಾಯುವ ತನಕ, ದಿನವೂ ಕಾದಿತು. ೧೯೩೪ರಲ್ಲಿಯೇ ಜನರು ಅದರ ಪ್ರತಿಮೆಯನ್ನು ಅಲ್ಲಿ ನಿಲ್ಲಿಸಿದರು. ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದಲ್ಲಿ ಬಾಬಿ ಎಂಬ ನಾಯಿಯ ಪ್ರತಿಮೆ ೧೮೭೩ರಷ್ಟು ಹಳೆಯದು. ನಮ್ಮ ಕಾಳಿಯ ಕಲ್ಲು ಇವೆರಡಕ್ಕಿಂತಲೂ ಒಂಬತ್ತು ನೂರು ವರ್ಷಗಳಷ್ಟು ಹಿಂದಿನದು. ತನ್ನನ್ನು ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲೊಲ್ಲದ ಧರ್ಮರಾಯನ ಕಥೆಯನ್ನು ಕೇಳಿ ಬೆಳೆದ ನಾಡಿನಲ್ಲಿ ಇಂತಹ ಸ್ಮಾರಕ ಹುಟ್ಟಿದ್ದು ಆಶ್ಚರ್ಯವಲ್ಲ. ಆದರೆ ಕಥೆಯನ್ನು ಕೇಳಿ ತಲೆದೂಗುವುದು ಸುಲಭ. ಕೆರೆಯ ಕೆಳಗಿನ ನೆಲವನ್ನು ಬಿಟ್ಟುಕೊಟ್ಟು ಅದರಂತೆ ನಡೆಯುವುದು ಕಷ್ಟ.

ಅಧ್ಯಾಪಕ ಮಿತ್ರರಲ್ಲಿ ಒಂದು ಬಿನ್ನಹ. ಗಂಗರ ಪಾಠವನ್ನು ಹೇಳುವಾಗ ತಕ್ಕೋಲದ ಇಸವಿಯೊಡನೆ ಕಾಳಿಯ ಹೆಸರನ್ನೂ ಮಕ್ಕಳಿಗೆ ಹೇಳೋಣ. ಸಾಧ್ಯವಾದರೆ ಹೆಬ್ಬಾಳದಿಂದ ಮೇಖ್ರಿ ವೃತ್ತವನ್ನು ದಾಟಿ ಕಸ್ತೂರಬಾ ರಸ್ತೆಯವರೆಗೆ ಅವರನ್ನು ಕರೆದುಕೊಂಡು ಹೋಗಿ, ಆ ಕಲ್ಲಿನ ವಿಷಯವನ್ನು ಅಲ್ಲಿಯೇ ತಿಳಿಸೋಣ. ಬೀದಿಯಲ್ಲಿ ಕಂಡ ನಾಯಿಗೆ ಕಲ್ಲೆಸೆಯಲು ಎತ್ತಿದ ಕೈ, ನಾಯಿಗಾಗಿ ಕಲ್ಲು ನಿಲ್ಲಿಸಿದ ಹಿರಿಯರನ್ನು ನೆನೆದು ಇಳಿದರೆ ಅಷ್ಟರಮಟ್ಟಿಗೆ ಪಾಠವು ಸಾರ್ಥಕ. ವಿದ್ಯಾಸಂಸ್ಥೆಗಳಿಗೆ ಕೈಯೆತ್ತಿ ಕೊಡುವ ದಾನಿಗಳಿಗೂ ಎರಡು ಖಂಡುಗ ನೆಲದ ಈ ದತ್ತಿ ಪರಕೀಯವೆನಿಸಲಾರದು. ದತ್ತಿಯ ಬೆಲೆ ಅದರ ಗಾತ್ರದಲ್ಲಿಲ್ಲ. ಯಾರ ಋಣವನ್ನು ನೆನೆದು ಅದನ್ನು ಬಿಡಲಾಯಿತೆಂಬುದರಲ್ಲಿದೆ.

ಬೂತುಗನಿಗೆ ಹನ್ನೆರಡು ಸಾಸಿರದ ನಾಡು ದೊರೆಯಿತು, ಅದು ಉಳಿಯಲಿಲ್ಲ. ಮಣಲೇರನಿಗೆ ಹನ್ನೆರಡು ಹಳ್ಳಿಗಳು ದೊರೆತುವು, ಅವೂ ಉಳಿಯಲಿಲ್ಲ. ಕಾಳಿಗೆ ದೊರೆತದ್ದು ಒಂದು ಕಲ್ಲು, ಒಂದು ತುಂಡು ನೆಲ, ದಿನವೂ ಊಟಕ್ಕೆ ಮುಂಚೆ ಒಬ್ಬ ಗೊರವನ ನೆನಪು. ನೆಲ ಹೋದರೂ, ಪೂಜೆ ನಿಂತರೂ, ನೆನಪು ಮಾತ್ರ ಕಲ್ಲಿನಲ್ಲಿ ಉಳಿದು ನಮ್ಮ ಊರಿನವರೆಗೂ ನಡೆದು ಬಂದಿದೆ.